ಅಂಕಪಟ್ಟಿಗಿಂತ ಮೊದಲು ವೇಳಾಪಟ್ಟಿ ನೋಡಿ

ಅಮೆರಿಕದಲ್ಲಿ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆ ಎನ್‌ಸಿಎಎ; ಅದರ ಸದಸ್ಯತ್ವ ಇರುವ ಪ್ರತಿ ಕಾಲೇಜೂ ಒಬ್ಬ ಅಧ್ಯಾಪಕರನ್ನು ‘ಫ್ಯಾಕಲ್ಟಿ ಅಥ್ಲೆಟಿಕ್ಸ್ ರೆಪ್ರೆಸೆಂಟೇಟಿವ್’ ಆಗಿ ನೇಮಿಸಲೇಬೇಕು. ಕ್ರೀಡಾ ವಿಭಾಗದಲ್ಲಿ ಆಡಳಿತದ ಹುದ್ದೆಯಲ್ಲಿ ಇರುವವರು, ಕೋಚ್ ಆಗಿರುವವರು ಇದಕ್ಕೆ ಸಲ್ಲರು. ಆಟಗಾರರ ಓದು ಹಳಿ ತಪ್ಪದಂತೆ ನೋಡಿಕೊಳ್ಳುವುದು ಇವರ ಕೆಲಸ. ಈ ಹುದ್ದೆಗೆ ಹೊಸಬರು ಬಂದ ಕೂಡಲೇ ಕೇಳುವುದು ತಂಡಗಳ ಜಿಪಿಎ (ಸರಾಸರಿ ಅಂಕ) ಪಟ್ಟಿ. ಆದರೆ ಅದು ಕೈಸೇರುವ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತದೆ. ಟ್ಯೂಟರ್ ಒಬ್ಬರನ್ನು ಗೊತ್ತುಮಾಡುವುದು ಬಿಟ್ಟು ಬೇರೇನೂ ಉಳಿದಿರುವುದಿಲ್ಲ. ಮೊದಲು ಕೇಳಬೇಕಾದ್ದು ಅಭ್ಯಾಸದ ವೇಳಾಪಟ್ಟಿ ಮತ್ತು ಪ್ರಯಾಣದ ಪಟ್ಟಿ.

ಎನ್‌ಸಿಎಎಯ ಅತಿ ಮೇಲಿನ ಸ್ತರವಾದ ಡಿವಿಷನ್ 1ರಲ್ಲಿ, ಸೀಸನ್‌ನಲ್ಲಿ ಅಭ್ಯಾಸ ಮತ್ತು ಪಂದ್ಯಕ್ಕೆ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆ, ವಾರಕ್ಕೊಂದು ದಿನ ಬಿಡುವು: ಇದು ನಿಯಮ. ಪಂದ್ಯದ ದಿನವನ್ನು, ಆಟ ಎಷ್ಟೇ ಹೊತ್ತು ನಡೆದರೂ, 3 ಗಂಟೆ ಎಂದೇ ಬರೆಯುತ್ತಾರೆ. ಬಸ್ಸು, ವಿಮಾನ, ಫಿಸಿಯೋ ಬಳಿ ಕಳೆದ ಸಮಯ ಯಾವುದೂ ಈ ಲೆಕ್ಕಕ್ಕೆ ಬರುವುದಿಲ್ಲ. ‘ಇಷ್ಟವಿದ್ದವರು ಬನ್ನಿ’ ಎಂದು ಕರೆಯುವ ಜಿಮ್ ಸೆಷನ್ ಕೂಡ ಬರುವುದಿಲ್ಲ, ಅದನ್ನು ತಪ್ಪಿಸಿಕೊಳ್ಳುವ ಧೈರ್ಯ ಎಷ್ಟು ಜನರಿಗಿದೆಯೋ! ಎನ್‌ಸಿಎಎ ತಾನೇ ನಡೆಸಿದ ಸಮೀಕ್ಷೆಗಳಲ್ಲಿ ಹಲವು ಆಟಗಳವರು ವಾರಕ್ಕೆ 30 ಗಂಟೆಗೂ ಮೀರಿದ ಲೆಕ್ಕ ಕೊಟ್ಟಿದ್ದಾರೆ. ಹಾಗಾಗಿ ತಂಡ ಗಂಟೆ ಬರೆದಿಡುವ ಲಾಗ್‌ನಲ್ಲಿ 19 ಗಂಟೆ ಅಂತ ಕಂಡರೆ ಸಮಾಧಾನಪಡಬೇಡಿ. ಕ್ಯಾಂಪಸ್ ಬಿಟ್ಟ ಗಳಿಗೆಯಿಂದ ಹಾಸ್ಟೆಲ್‌ಗೆ ಮರಳಿದ ಗಳಿಗೆವರೆಗೆ ನಿಮ್ಮದೇ ಒಂದು ಹಾಳೆ ಮಾಡಿಕೊಳ್ಳಿ.

2024ರಲ್ಲಿ ಯುಸಿಎಲ್‌ಎ, ಯುಎಸ್‌ಸಿ, ಒರೆಗಾನ್, ವಾಷಿಂಗ್ಟನ್ ವಿಶ್ವವಿದ್ಯಾಲಯಗಳು ಬಿಗ್ ಟೆನ್ ಎಂಬ ಕ್ರೀಡಾ ಒಕ್ಕೂಟಕ್ಕೆ, ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಎಸಿಸಿ ಎಂಬ ಒಕ್ಕೂಟಕ್ಕೆ ಸೇರಿದ ಮೇಲೆ ಈ ಹಾಳೆ ಇನ್ನೂ ಮುಖ್ಯವಾಗಿದೆ. ಪಶ್ಚಿಮ ಕರಾವಳಿಯ ವಾಲಿಬಾಲ್ ತಂಡಕ್ಕೆ ಪೂರ್ವ ಕರಾವಳಿಯ ನ್ಯೂಜೆರ್ಸಿಯಲ್ಲಿ ಶುಕ್ರವಾರ ಸಂಜೆ ಪಂದ್ಯವಿದ್ದರೆ ಗುರುವಾರ ಬೆಳಿಗ್ಗೆಯೇ ಹೊರಡಬೇಕು. ಇಂಥ ನಾಲ್ಕು ಪ್ರಯಾಣಗಳೆಂದರೆ, ಮಂಗಳವಾರ–ಗುರುವಾರ ನಡೆಯುವ ಕೋರ್ಸ್‌ನ 30 ತರಗತಿಗಳಲ್ಲಿ 4 ಹೋದವು; ಹೇಗೋ ಸರಿದೂಗಿಸಬಹುದು. ಅದೇ ಗುರುವಾರದ ಲ್ಯಾಬ್ ಆದರೆ 15ರಲ್ಲಿ 4 ಖಾಲಿ. ಅಧ್ಯಾಪಕರು ಅನುಮತಿ ಪತ್ರವನ್ನು ಒಪ್ಪಿಕೊಂಡರೂ ಆ ಪ್ರಯೋಗವನ್ನು ಮತ್ತೆ ಹೂಡಿಸುವುದಕ್ಕೆ ಬೆಂಚೂ ಇರುವುದಿಲ್ಲ, ಸಹಾಯಕರೂ ಇರುವುದಿಲ್ಲ. ನಮ್ಮ ಕೈಲಾಗುವುದು ನೋಂದಣಿಗೆ ಮೊದಲೇ ಸೋಮವಾರದ ಸೆಕ್ಷನ್‌ಗೆ ಬದಲಾಯಿಸಿಕೊಡುವುದು. ತೊಡಕು ಏನೆಂದರೆ, ಫಾಲ್ (ಆಗಸ್ಟ್ ಹೊತ್ತಿಗೆ ಶುರುವಾಗುವ) ಸೆಮಿಸ್ಟರ್‌ನ ನೋಂದಣಿ ಸಾಮಾನ್ಯವಾಗಿ ಏಪ್ರಿಲ್ ಹೊತ್ತಿಗೆ ಶುರುವಾಗುತ್ತದೆ, ಪಂದ್ಯಗಳ ಪಕ್ಕಾ ದಿನಾಂಕ ಆಗಿನ್ನೂ ಬಂದಿರುವುದಿಲ್ಲ. ಅಂದಾಜು ಪಟ್ಟಿಯನ್ನಾದರೂ ಕೇಳಿ ಪಡೆಯಿರಿ. ‘ಇನ್ನೂ ಫೈನಲ್ ಆಗಿಲ್ಲ’ ಎನ್ನುವ ಉತ್ತರಕ್ಕೆ ಸುಮ್ಮನಾದರೆ ಆ ಸೆಮಿಸ್ಟರ್ ಹೋದಂತೆಯೇ.

ಅಭ್ಯಾಸದ ವಿಷಯ ಇದಕ್ಕಿಂತ ಸೂಕ್ಷ್ಮ. ಹೊರ ಊರಿನ ಪಂದ್ಯಕ್ಕೆ ಹೋದಾಗ ಬಿಟ್ಟರೆ, ಅಭ್ಯಾಸಕ್ಕಾಗಿ ತರಗತಿ ತಪ್ಪಿಸುವಂತಿಲ್ಲ. ಕಾಗದದ ಮೇಲೆ ಯಾರೂ ತಪ್ಪಿಸುವುದೂ ಇಲ್ಲ. ಏಕೆಂದರೆ ಅಭ್ಯಾಸ ಮಧ್ಯಾಹ್ನ 2ರಿಂದ 5 ಎಂದಿದ್ದರೆ, ಆ ಹೊತ್ತಿನ ಲ್ಯಾಬ್‌ಗೆ ಯಾರೂ ಸೇರುವುದೇ ಇಲ್ಲ! ಎಂಜಿನಿಯರಿಂಗ್, ನರ್ಸಿಂಗ್, ಜೀವರಸಾಯನ ಓದಬೇಕೆಂದು ಬಂದವರು ಮೊದಲ ವರ್ಷವೇ ಸದ್ದಿಲ್ಲದೆ ಬೇರೆ ವಿಷಯಕ್ಕೆ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಇದು ಎಲ್ಲೂ ಕಾಣಿಸದು. ದಾಖಲಾತಿಯ ದಿನ ಬರೆಸಿದ ಮೇಜರ್ (ಪದವಿಯ ಮುಖ್ಯ ವಿಷಯ) ಮತ್ತು ಮೂರನೇ ವರ್ಷದ ಮೇಜರ್ ಎರಡನ್ನೂ ಅಕ್ಕಪಕ್ಕ ಇಟ್ಟು, ತಂಡವಾರು ಪಟ್ಟಿ ಕೊಡುವಂತೆ ರಿಜಿಸ್ಟ್ರಾರ್ ಅವರನ್ನು ಕೇಳಿ. ಒಂದೇ ತಂಡದ ಕಾಲು ಭಾಗ ಒಂದೇ ಮೇಜರ್‌ನಲ್ಲಿ ಸೇರಿಕೊಂಡಿದ್ದರೆ ಕಾರಣ ವಿಚಾರಿಸಬೇಕು.

ಕಾರಣ ಕೆಲವೊಮ್ಮೆ ನಿಯಮದಲ್ಲೇ ಇರುತ್ತದೆ. ಡಿವಿಷನ್ 1ರಲ್ಲಿ ಮೂರನೇ ವರ್ಷ ಶುರುವಾಗುವಷ್ಟರಲ್ಲಿ ಪದವಿಯ 40%, ನಾಲ್ಕನೆಯದಕ್ಕೆ 60%, ಐದನೆಯದಕ್ಕೆ 80% ಮುಗಿದಿರಬೇಕು. 120 ಕ್ರೆಡಿಟ್‌ನ ಪದವಿಗೆ 48, 72, 96. ಸುಮ್ಮನೆ 72 ಕ್ರೆಡಿಟ್ ಇದ್ದರೆ ಸಾಲದು, ಆರಿಸಿಕೊಂಡ ಪದವಿಗೇ ಸಲ್ಲಬೇಕು. ಐದನೇ ಸೆಮಿಸ್ಟರ್‌ನಲ್ಲಿ ಮೇಜರ್ ಬದಲಿಸಿದವರಿಗೆ ಹಳೆಯ ಕ್ರೆಡಿಟ್ ಅರ್ಧ ಸಲ್ಲದೇ ಹೋಗಿ ಆಡುವ ಅರ್ಹತೆಯೇ ತಪ್ಪಬಹುದು. ಆದ್ದರಿಂದ ಎಲ್ಲ ಕ್ರೆಡಿಟ್ಟನ್ನೂ ನುಂಗಿಕೊಳ್ಳುವ ಸಡಿಲ ಪದವಿಯತ್ತ ಸಲಹೆಗಾರರು ಕೈತೋರಿಸುತ್ತಾರೆ. ಅವರನ್ನು ದೂರಿ ಫಲವಿಲ್ಲ. ಬದಲಾವಣೆಯ ಮಾತನ್ನು ಮೂರನೇ ಸೆಮಿಸ್ಟರ್‌ನಲ್ಲೇ ಎತ್ತಬೇಕು.

ಇನ್ನೊಂದು ಕಣ್ಣು ‘ಇಂಡಿಪೆಂಡೆಂಟ್ ಸ್ಟಡಿ’ಯ, ಅಂದರೆ ತರಗತಿಯಿಲ್ಲದೆ ಒಬ್ಬ ಬೋಧಕರ ಕೈಕೆಳಗೆ ಓದುವ ಕೋರ್ಸ್‌ನ, ಮೇಲಿರಲಿ. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್‌ನಲ್ಲಿ ತರಗತಿಯೇ ನಡೆಯದೆ ಒಂದು ಪ್ರಬಂಧಕ್ಕೆ ಗ್ರೇಡ್ ಕೊಟ್ಟ ಕೋರ್ಸ್‌ಗಳು 18 ವರ್ಷ ನಡೆದವು. 2014ರ ವರದಿಯ ಪ್ರಕಾರ 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಅವನ್ನು ತೆಗೆದುಕೊಂಡಿದ್ದರು, ಅವರಲ್ಲಿ ಸುಮಾರು ಅರ್ಧ ಆಟಗಾರರು. ಆಟಗಾರರಲ್ಲದವರಿಗೂ ಆ ಕೋರ್ಸ್ ತೆರೆದಿತ್ತು ಎಂಬ ಕಾರಣಕ್ಕೆ 2017ರಲ್ಲಿ ಎನ್‌ಸಿಎಎ ಆ ಕೋರ್ಸ್‌ಗಳಿಗಾಗಿ ವಿಶ್ವವಿದ್ಯಾಲಯವನ್ನು ದಂಡಿಸಲಿಲ್ಲ. ಹಾಗಾದರೆ ಇದನ್ನು ಹಿಡಿಯಬೇಕಾದವರು ಕ್ಯಾಂಪಸ್‌ನ ಅಧ್ಯಾಪಕರೇ ಎಂದಾಯಿತಲ್ಲ! ಪ್ರತಿ ಸೆಮಿಸ್ಟರ್ ಮುಗಿದಾಗ ಮೂರು ಸಂಖ್ಯೆ ತರಿಸಿಕೊಳ್ಳಿ: ಒಬ್ಬೊಬ್ಬ ಬೋಧಕರ ಕೈಕೆಳಗಿನ ಇಂಡಿಪೆಂಡೆಂಟ್ ಸ್ಟಡಿಗಳು, ಅವುಗಳಲ್ಲಿ ಆಟಗಾರರ ಪಾಲು, ಫಲಿತಾಂಶದ ನಂತರ ತಿದ್ದಿದ ಗ್ರೇಡ್‌ಗಳು. ಈ ಹಂತದಲ್ಲಿ ವಿದ್ಯಾರ್ಥಿಗಳ ಹೆಸರು ಬೇಕಿಲ್ಲ.

ಆಡುವ ಅವಧಿ ಮುಗಿದವರ ಸಂದರ್ಶನ ಕಡ್ಡಾಯ. ಕೋಚ್ ಇರುವ ಕೋಣೆಯಲ್ಲಿ ಅದನ್ನು ಮಾಡಬೇಡಿ. ‘ಅನುಭವ ಹೇಗಿತ್ತು’ ಎಂದರೆ ‘ಚೆನ್ನಾಗಿತ್ತು’ ಅಂತಲೇ ಬರುತ್ತದೆ. ‘ಕಳೆದ ಪ್ರವಾಸದಿಂದ ಎಷ್ಟು ಗಂಟೆಗೆ ವಾಪಸಾದಿರಿ? ಮರುದಿನದ ಮೊದಲ ತರಗತಿ ಎಷ್ಟಕ್ಕಿತ್ತು? ತೆಗೆದುಕೊಳ್ಳಬೇಕೆಂದಿದ್ದು ಬಿಟ್ಟ ಕೋರ್ಸ್ ಯಾವುದು?’ ಹೀಗೆ ಕೇಳಿದರೆ ನಿಜ ಹೊರಬರುತ್ತದೆ.

ನಮ್ಮ ಕಡೆಯಿಂದ ಟೆನಿಸ್, ಈಜು, ಗಾಲ್ಫ್ ಎಂದು ಮಕ್ಕಳನ್ನು ಕಳಿಸುವ ಮನೆಯವರಿಗೂ ಒಂದು ಮಾತು. ಎಫ್-1 (ವಿದ್ಯಾರ್ಥಿ) ವೀಸಾದಲ್ಲಿರುವ ಪದವಿ ವಿದ್ಯಾರ್ಥಿಗೆ ಸೆಮಿಸ್ಟರ್‌ಗೆ 12 ಕ್ರೆಡಿಟ್ ಇರಲೇಬೇಕು, ಆನ್‌ಲೈನ್ ಕೋರ್ಸ್‌ಗಳಲ್ಲಿ ಒಂದು ಮಾತ್ರ ಆ ಲೆಕ್ಕಕ್ಕೆ ಬರುತ್ತದೆ. ಪ್ರಯಾಣ ಹೆಚ್ಚೆಂದು ಸಹ ಆಟಗಾರರು ಎರಡು ಮೂರು ಕೋರ್ಸ್ ಆನ್‌ಲೈನ್ ಮಾಡಿಕೊಂಡಾಗ ಇವರೂ ಅದನ್ನೇ ಮಾಡಿದರೆ ವೀಸಾಕ್ಕೇ ಕುತ್ತು. ಪೆಟ್ಟಾಗಿ ಕೋರ್ಸ್ ಬಿಡಬೇಕಾದರೆ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಒಪ್ಪಿಗೆ ಮೊದಲು, ಡ್ರಾಪ್ ಆಮೇಲೆ. ಕೋಚ್ ‘ಆಯ್ತು ಬಿಡು’ ಎಂದರೆ ಅದು ಒಪ್ಪಿಗೆಯಲ್ಲ.