ವಿಯೆನ್ನಾದ ಬಿಳಿ ಕುದುರೆಗಳು: ಸವಾರಿ ಕಲಿಯುವವರು ಹೋಗುವ ಮುನ್ನ

ಕುದುರೆ ಸವಾರಿ ಕಲಿಯುತ್ತಿರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಬಿಳಿ ಕುದುರೆಗಳಿಗೆ ಹೆಸರಾದ ಹಳೆಯ ಸವಾರಿ ಶಾಲೆ, ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್‌ಗೆ ಹೋಗುವುದಾದರೆ ಬೆಳಗಿನ ಅಭ್ಯಾಸದ ಟಿಕೆಟ್ ಮೊದಲು ತೊಗೊಳ್ಳಿ. ವಾರದ ಕೊನೆಯ ದೊಡ್ಡ ಪ್ರದರ್ಶನ ಆಮೇಲೆ. ದುಡ್ಡು, ಸಮಯ ಎರಡೂ ಇದ್ದರೆ ಎರಡನ್ನೂ ನೋಡಿ. ಒಂದೇ ಸಾಧ್ಯ ಅಂದರೆ ಅಭ್ಯಾಸವನ್ನೇ ನೋಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾವು ಹೋಗಿದ್ದು ಆರು ಜನ. ಎಲ್ಲರೂ ಬೆಂಗಳೂರಿನ ಹೊರಗೆ ಒಂದೇ ಜಾಗದಲ್ಲಿ ಸವಾರಿ ಕಲಿಯುವವರು. ಜೊತೆಗೆ ನಮ್ಮ ಮೇಷ್ಟ್ರು. ಸೈನ್ಯದಲ್ಲಿ ವರ್ಷಗಟ್ಟಲೆ ಕುದುರೆಗಳ ಜೊತೆಯೇ ಇದ್ದು ನಿವೃತ್ತರಾದವರು. ನಮ್ಮಲ್ಲಿ ಡ್ರೆಸಾಜ್ (ಸವಾರನ ಸಣ್ಣ ಸನ್ನೆಗೆ ಕುದುರೆ ಲಯವಾಗಿ ಹೆಜ್ಜೆ ಹಾಕುವ ಕಲೆ) ಅನ್ನುವ ಪದ ತುಂಬಾ ಜನರ ಕಿವಿಗೆ ಬಿದ್ದಿದ್ದೇ 2023ರಲ್ಲಿ, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ತಂಡ ಅದರಲ್ಲಿ ಚಿನ್ನ ಗೆದ್ದಾಗ. ಮೇಷ್ಟ್ರು ಅದಕ್ಕೂ ಮುಂಚಿನಿಂದ ವಿಯೆನ್ನಾದ ಹೆಸರು ಹೇಳುತ್ತಲೇ ಇದ್ದರು. ಕೊನೆಗೆ ಒಂದು ಮೇ ತಿಂಗಳಲ್ಲಿ ಹೊರಟೆವು.

ದಾರಿಯ ವಿಷಯ ಬೇಗ ಮುಗಿಸುತ್ತೇನೆ. ನಾವು ಬೆಂಗಳೂರಿನಿಂದ ಮ್ಯೂನಿಕ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ವಿಯೆನ್ನಾಕ್ಕೆ ರೈಲು ಹಿಡಿದೆವು. ಹೆಚ್ಚುಕಮ್ಮಿ ನಾಲ್ಕು ಗಂಟೆ. ವೀಸಾ ಹಾಕುವಾಗ ಒಂದು ಗಮನಿಸಿ: ಇಳಿಯುವುದು ಜರ್ಮನಿಯಲ್ಲಾದರೂ ಜಾಸ್ತಿ ದಿನ ಇರುವುದು ಆಸ್ಟ್ರಿಯಾದಲ್ಲಿ ಅಂದರೆ ಆಸ್ಟ್ರಿಯಾಕ್ಕೇ ಷೆಂಗೆನ್ ವೀಸಾ ಹಾಕಬೇಕು. ಊರೊಳಗೆ ಮೆಟ್ರೊ ಸುಲಭ. ಯು3 ಲೈನಿನ ಹೆರೆನ್‌ಗಾಸ್ಸೆ ಸ್ಟೇಷನ್‌ನಲ್ಲಿ ಇಳಿದರೆ ನಾಲ್ಕು ಹೆಜ್ಜೆಯಲ್ಲಿ ಮಿಖಾಯೆಲರ್‌ಪ್ಲಾಟ್ಸ್ ಚೌಕ. ಎದುರಿಗೇ ಹೋಫ್‌ಬರ್ಗ್ ಅರಮನೆಯ ದೊಡ್ಡ ಗುಮ್ಮಟ. ಸ್ಕೂಲ್ ಅದಕ್ಕೆ ಅಂಟಿಕೊಂಡೇ ಇದೆ.

ಟಿಕೆಟ್ ವಿಷಯದಲ್ಲಿ ನಮಗೆ ಒಂದು ಪೆಟ್ಟು ಬಿತ್ತು. ಅಲ್ಲಿ ಮೂರು ಬಗೆಯ ಟಿಕೆಟ್ ಇವೆ. ಬೆಳಗಿನ ಅಭ್ಯಾಸ, ಪೂರ್ಣ ಪ್ರದರ್ಶನ, ಮತ್ತೆ ಲಾಯ ತೋರಿಸುವ ಗೈಡೆಡ್ ಟೂರ್. ನಮ್ಮಲ್ಲಿ ಇಬ್ಬರು ಟಿಕೆಟ್ ಮಾರುವ ಬೇರೆ ಯಾವುದೋ ವೆಬ್‌ಸೈಟ್‌ನಲ್ಲಿ ಬುಕ್ ಮಾಡಿದ್ದರು. ಬಾಗಿಲಲ್ಲಿ ತೋರಿಸಿದಾಗ ಅದು ಬರೀ ಟೂರ್ ಟಿಕೆಟ್ ಅಂತ ಗೊತ್ತಾಯಿತು. ಮತ್ತೆ ದುಡ್ಡು ಕೊಟ್ಟು ತೊಗೊಂಡರು. ಸ್ಕೂಲ್‌ನ ಸ್ವಂತ ವೆಬ್‌ಸೈಟ್‌ನಲ್ಲೇ ಮಾಡಿ. ಜರ್ಮನ್‌ನಲ್ಲಿ ಬೆಳಗಿನ ಅಭ್ಯಾಸಕ್ಕೆ 'ಮಾರ್ಗೆನ್‌ಆರ್ಬೈಟ್' ಅನ್ನುತ್ತಾರೆ, ಆ ಪದ ಇದೆಯಾ ನೋಡಿಕೊಳ್ಳಿ. ಇದು ಸಾಮಾನ್ಯವಾಗಿ ವಾರದ ಮಧ್ಯದ ದಿನಗಳಲ್ಲಿ, ಬೆಳಗ್ಗೆ ಹತ್ತು ಗಂಟೆಗೆ. ಪ್ರದರ್ಶನ ಹೆಚ್ಚಾಗಿ ಶನಿವಾರ, ಭಾನುವಾರ. ಅಲ್ಲಿನ ಬೇಸಿಗೆಯಲ್ಲಿ ಕುದುರೆಗಳಿಗೂ ರಜೆ ಇರುತ್ತದೆ. ಹಾಗಾಗಿ ಕ್ಯಾಲೆಂಡರ್ ನೋಡಿ, ಆಮೇಲೆ ವಿಮಾನದ ಟಿಕೆಟ್ ಮಾಡಿ.

ಒಳಗೆ ಕಾಲಿಟ್ಟಾಗ ಇದು ಕುದುರೆ ಓಡಿಸುವ ಜಾಗ ಅಂತ ನಂಬಲು ಆಗಲಿಲ್ಲ. ಎಲ್ಲಾ ಬಿಳಿ. 46 ಕಂಬಗಳು, ಅವುಗಳ ಮೇಲೆ ಎರಡು ಅಂತಸ್ತಿನ ಗ್ಯಾಲರಿ, ಮೇಲಿನಿಂದ ಇಳಿಬಿಟ್ಟ ದೊಡ್ಡ ದೀಪದ ಗೊಂಚಲುಗಳು. ಕೆಳಗೆ ಮಾತ್ರ ಮಣ್ಣಿನ ಬಣ್ಣದ ನೆಲ. 55 ಮೀಟರ್ ಉದ್ದ, 18 ಮೀಟರ್ ಅಗಲ. ಆರನೇ ಚಾರ್ಲ್ಸ್ ಚಕ್ರವರ್ತಿಗಾಗಿ ವಾಸ್ತುಶಿಲ್ಪಿ ಯೋಸೆಫ್ ಎಮಾನುಯೆಲ್ ಫಿಷರ್ ಫಾನ್ ಎರ್ಲಾಖ್ 1729ರಿಂದ 1735ರವರೆಗೆ ಕಟ್ಟಿದ ಹಾಲ್ ಇದು. ಒಂದು ತುದಿಯಲ್ಲಿ ಚಾರ್ಲ್ಸ್‌ನ ಚಿತ್ರ ಇದೆ. ಒಳಗೆ ಬರುವ ಸವಾರರು ಇವತ್ತಿಗೂ ಆ ಚಿತ್ರಕ್ಕೆ ಟೋಪಿ ತೆಗೆದು ನಮಸ್ಕಾರ ಮಾಡುತ್ತಾರೆ. ವಿಯೆನ್ನಾದಲ್ಲಿ ಸವಾರಿ ಅಂಗಳ ಇತ್ತು ಅನ್ನುವುದಕ್ಕೆ ದಾಖಲೆ ಸಿಗುವುದು 1565ರಿಂದ. ಮೊದಲು ತಂದ ಕುದುರೆಗಳು ಸ್ಪೇನ್‌ನವು, ಅದಕ್ಕೇ 'ಸ್ಪ್ಯಾನಿಷ್' ಅನ್ನುವ ಹೆಸರು. ಈಗಿರುವುದು ಲಿಪಿಜಾನರ್ ತಳಿ. ಈಗಿನ ಸ್ಲೊವೇನಿಯಾದ ಲಿಪಿತ್ಸಾ ಅನ್ನುವ ಊರಲ್ಲಿ 1580ರಲ್ಲಿ ಶುರುವಾದ ತಳಿ ಅದು.

ಎಲ್ಲಿ ಕೂರಬೇಕು? ಸವಾರರಿಗೆ ಇದು ಮುಖ್ಯ. ಹಾಲ್‌ನ ಅಗಲದ ಕಡೆ, ಅಂದರೆ ಚಿಕ್ಕ ಗೋಡೆಯ ಕಡೆ ಕೂತರೆ ಕುದುರೆ ನೇರವಾಗಿ ಬರುತ್ತಿದೆಯಾ, ಅಡ್ಡ ಹೆಜ್ಜೆ ಹಾಕುವಾಗ ಕಾಲು ಹೇಗೆ ದಾಟುತ್ತದೆ ಅನ್ನುವುದು ಸ್ಪಷ್ಟ ಕಾಣುತ್ತದೆ. ಉದ್ದದ ಕಡೆ ಕೂತರೆ ಹಿಂಗಾಲು ಹೊಟ್ಟೆಯಡಿ ಎಷ್ಟು ಒಳಗೆ ಬರುತ್ತಿದೆ ಅಂತ ಗೊತ್ತಾಗುತ್ತದೆ. ಗ್ಯಾಲರಿಯಲ್ಲಿ ಹಿಂದಿನ ಸಾಲಾದರೆ ಕಂಬ ಅಡ್ಡ ಬರುತ್ತದೆ. ನಾವು ಎರಡು ಗುಂಪಾಗಿ ಎರಡು ಕಡೆ ಕೂತೆವು. ಸಂಜೆ ಕಾಫಿ ಕುಡಿಯುತ್ತಾ ಕಂಡದ್ದನ್ನು ಹಂಚಿಕೊಂಡೆವು. ಗುಂಪಿನಲ್ಲಿ ಹೋಗುವವರು ಹೀಗೆ ಮಾಡಿ, ತುಂಬಾ ಲಾಭ.

ಫೋಟೋ, ವಿಡಿಯೊ ತೆಗೆಯುವ ಹಾಗಿಲ್ಲ. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ.

ಈಗ ಅಭ್ಯಾಸದ ವಿಷಯಕ್ಕೆ ಬರುತ್ತೇನೆ. ಸಂಗೀತ ಹಾಕಿರುತ್ತಾರೆ, ವಿವರಣೆ ಏನೂ ಇರುವುದಿಲ್ಲ. ನಾಲ್ಕೈದು ಕುದುರೆಗಳು ಒಳಗೆ ಬರುತ್ತವೆ, ಒಂದೊಂದೂ ತನ್ನ ಪಾಠ ಮಾಡುತ್ತದೆ, ಆಮೇಲೆ ಇನ್ನೊಂದು ಗುಂಪು. ಮೊದಲ ಹತ್ತು ನಿಮಿಷ ಬರೀ ನಡಿಗೆ. ಲಗಾಮು ಉದ್ದಕ್ಕೆ ಬಿಟ್ಟು, ಕುದುರೆ ಕತ್ತು ಕೆಳಗೆ ಚಾಚಿ ನಡೆಯುತ್ತದೆ. ಆಮೇಲೆ ನಿಧಾನವಾಗಿ ಟ್ರಾಟ್, ಅಂದರೆ ಕುಕ್ಕುಲೋಟ. ಒಂದು ವೃತ್ತ. ಮತ್ತೆ ನಡಿಗೆ. ಪಕ್ಕದಲ್ಲಿ ಕೂತಿದ್ದ ಪ್ರವಾಸಿಗಳು ಅರ್ಧ ಗಂಟೆಗೆ ಎದ್ದು ಹೋಗಲು ಶುರು ಮಾಡಿದರು. ನೀವು ಏಳಬೇಡಿ. ಸೀಟ್‌ಗಳು ಖಾಲಿಯಾಗುತ್ತವೆ, ನೋಟ ಇನ್ನೂ ಚೆನ್ನಾಗುತ್ತದೆ.

ನಮ್ಮ ಕಣ್ಣಿಗೆ ಇದು ಯಾಕೆ ಅಷ್ಟು ಮುಖ್ಯವಾಯಿತು ಅಂದರೆ, ನಾವು ಬೆಂಗಳೂರಿನಲ್ಲಿ ಹತ್ತುವ ಕುದುರೆಗಳು ಬಹುಪಾಲು ರೇಸ್‌ನಿಂದ ಬಂದವು. ಥರೋಬ್ರೆಡ್ ಜಾತಿ. ಚಿಕ್ಕಂದಿನಿಂದ ಓಡುವುದೊಂದೇ ಕಲಿತಿರುತ್ತವೆ. ನಾನು ಹತ್ತುವ ಹೆಣ್ಣುಕುದುರೆ ಲಗಾಮು ಸ್ವಲ್ಪ ಬಿಗಿ ಮಾಡಿದರೂ ಮುಂದಕ್ಕೆ ಎಳೆಯುತ್ತದೆ. ನಾನೂ ಎಳೆಯುತ್ತೇನೆ, ಅದೂ ಎಳೆಯುತ್ತದೆ. ಎರಡು ವರ್ಷದಿಂದ ಇದೇ ಜಗ್ಗಾಟ.

ಅವತ್ತು ಒಬ್ಬ ಸವಾರ ಒಂದು ಎಳೆಯ ಗಂಡುಕುದುರೆಯ ಮೇಲೆ ಇದ್ದ. ಅದಿನ್ನೂ ಬಿಳಿಯಾಗಿರಲಿಲ್ಲ. ಲಿಪಿಜಾನರ್ ಮರಿಗಳು ಹುಟ್ಟುವಾಗ ಕಪ್ಪು ಇಲ್ಲವೇ ಕಂದು, ಬಿಳಿಯಾಗಲು ಆರರಿಂದ ಹತ್ತು ವರ್ಷ ಬೇಕು. ಈ ಬೂದು ಕುದುರೆ ಮೂಲೆಯಲ್ಲಿ ಏನೋ ಕಂಡು ಬೆದರಿತು. ತಲೆ ಎತ್ತಿ ಓಡಲು ನೋಡಿತು. ನಾನಾಗಿದ್ದರೆ ಲಗಾಮು ಹಿಡಿದು ಜಗ್ಗುತ್ತಿದ್ದೆ. ಅವನ ಕೈ ಅಲುಗಲಿಲ್ಲ. ಬೆನ್ನು ಸ್ವಲ್ಪ ನೇರ ಮಾಡಿದ, ಒಳಗಿನ ಕೈಯ ಬೆರಳನ್ನು ಮುಚ್ಚಿ ತೆರೆದ, ಅಷ್ಟೇ. ಕುದುರೆ ಮೂರು ಹೆಜ್ಜೆಯಲ್ಲಿ ತಗ್ಗಿತು. ಕಿವಿ ಒಂದು ಅವನ ಕಡೆ ತಿರುಗಿತು. ಅದೇ ಕ್ಷಣ ಅವನು ಲಗಾಮು ಬಿಟ್ಟು ಕತ್ತು ಸವರಿದ. ಮತ್ತೆ ಅದೇ ಮೂಲೆಗೆ ನಡಿಗೆಯಲ್ಲೇ ಕರಕೊಂಡು ಹೋದ. ಮತ್ತೊಂದು ಸಲ. ಮತ್ತೊಂದು ಸಲ. ಐದನೇ ಸಲ ಕುದುರೆ ಆ ಮೂಲೆ ಇದೆ ಅನ್ನುವುದನ್ನೇ ಮರೆತ ಹಾಗೆ ದಾಟಿತು. ಅವನು ಕೋಟಿನ ಹಿಂದಿನ ಜೇಬಿಗೆ ಕೈ ಹಾಕಿ ಸಕ್ಕರೆ ತೆಗೆದು ಬಾಗಿ ಬಾಯಿಗೆ ಕೊಟ್ಟ. ಕುದುರೆ ನಡೆಯುತ್ತಲೇ ಕತ್ತು ತಿರುಗಿಸಿ ತುಟಿಯಲ್ಲಿ ಹಿಡಿಯಿತು.

ಮೇಷ್ಟ್ರು ನನ್ನ ತೋಳು ತಟ್ಟಿ ಮೆಲ್ಲಗೆ ಹೇಳಿದರು: "ನೋಡಮ್ಮ, ಅವನು ಹಿಡಿದದ್ದು ನೋಡಬೇಡ. ಬಿಟ್ಟಿದ್ದು ಯಾವಾಗ ಅನ್ನೋದು ನೋಡು."

ನಾನು ಉಳಿದ ಸಮಯ ಪೂರ್ತಿ ಅದೊಂದನ್ನೇ ನೋಡಿದೆ. ನೋಟ್‌ಬುಕ್‌ನಲ್ಲಿ ಬರೆದಿದ್ದೂ ಅದನ್ನೇ. ನೀವೂ ಒಂದೇ ಕುದುರೆ ಆರಿಸಿಕೊಳ್ಳಿ, ಒಬ್ಬನೇ ಸವಾರನನ್ನು ಹಿಂಬಾಲಿಸಿ. ಎಲ್ಲದರ ಮೇಲೂ ಕಣ್ಣು ಹಾಯಿಸಿದರೆ ಏನೂ ಉಳಿಯುವುದಿಲ್ಲ.

ಇಲ್ಲಿನ ಪಾಠದ ಕ್ರಮ ಸ್ವಲ್ಪ ಗೊತ್ತಿದ್ದರೆ ನೋಡಲು ಸುಲಭ. ಕುದುರೆಗೆ ನಾಲ್ಕು ವರ್ಷ ಆದ ಮೇಲೆ ಕಲಿಕೆ ಶುರು. ಮೊದಲ ಹಂತದಲ್ಲಿ ಸವಾರನ ಭಾರ ಹೊತ್ತು ನೇರವಾಗಿ, ಹಗುರವಾಗಿ ಮುಂದೆ ಹೋಗುವುದು ಮಾತ್ರ. ಎರಡನೇ ಹಂತದಲ್ಲಿ ಬಾಗುವುದು, ಅಡ್ಡ ಹೆಜ್ಜೆ, ಭಾರವನ್ನು ಹಿಂಗಾಲಿಗೆ ತರುವುದು. ಮೂರನೆಯದು 'ಹೈ ಸ್ಕೂಲ್', ಅಂದರೆ ಸವಾರಿಯ ಅತಿ ಮೇಲಿನ ಹಂತ: ನಿಂತಲ್ಲೇ ಟ್ರಾಟ್ ಮಾಡುವ ಪಿಯಾಫ್, ಗಾಳಿಯಲ್ಲಿ ತೇಲುವ ಹಾಗೆ ಕಾಣುವ ಪಸಾಜ್. ಎಲ್ಲಾ ಸೇರಿ ಸುಮಾರು ಆರು ವರ್ಷ. ಕುದುರೆಯ ಭುಜ ಒಳಗೆ ತರುವ 'ಶೋಲ್ಡರ್ ಇನ್' ನಾವೂ ಕಲಿಯುತ್ತೇವಲ್ಲ, ಅದನ್ನು 18ನೇ ಶತಮಾನದಲ್ಲಿ ರೂಪಿಸಿ ಕಲಿಸಿದ ಫ್ರೆಂಚ್ ಗುರು ಗೆರಿನಿಯೇರ್‌ನ ದಾರಿಯನ್ನೇ ಇವರು ಇವತ್ತಿಗೂ ಹಿಡಿದಿದ್ದಾರೆ. ಹೊರಡುವ ಮೊದಲು ನಿಮ್ಮ ಮೇಷ್ಟ್ರ ಹತ್ತಿರ ಈ ನಾಲ್ಕೈದು ಚಲನೆಗಳ ಹೆಸರು ಕೇಳಿಕೊಂಡು ಹೋಗಿ.

ಸವಾರರ ಕಲಿಕೆ ಇನ್ನೂ ದೀರ್ಘ. 'ಎಲೇವ್' ಅಂದರೆ ಶಿಷ್ಯ ಆಗಿ ಸೇರಿ, ಪೂರ್ಣ ಸವಾರ ಆಗುವ ಹೊತ್ತಿಗೆ ಹತ್ತು ವರ್ಷದ ಹತ್ತಿರ ಹಿಡಿಯುತ್ತದೆ. ಶುರುವಿನಲ್ಲಿ ಕಾಲಿಡುವ ರಿಕಾಪು ಇಲ್ಲದೆ, ಲಗಾಮು ಇಲ್ಲದೆ, ಉದ್ದ ಹಗ್ಗದ ಮೇಲೆ ಸುತ್ತುವ ಕುದುರೆಯ ಬೆನ್ನಲ್ಲಿ ಸುಮ್ನೆ ಕೂರುವುದೇ ಪಾಠ. ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿದ್ದು 2008ರಲ್ಲಿ. ನಾನೂ ನಮ್ಮ ಗುಂಪಿನ ಅಕ್ಕನೂ ಒಬ್ಬ ಹುಡುಗಿ ಕುದುರೆ ಮೇಲೆ ಒಳಗೆ ಬಂದಾಗ ಕೈ ಕೈ ಹಿಡಿದುಕೊಂಡಿದ್ದೆವು.

ಶನಿವಾರ ಪ್ರದರ್ಶನ ನೋಡಿದೆವು. ಅದರ ಬೆಡಗೇ ಬೇರೆ. ಕಂದು ಕೋಟು, ಬಿಳಿ ಚರ್ಮದ ಪ್ಯಾಂಟು, ಎರಡು ಮೊನೆಯ ಕಪ್ಪು ಟೋಪಿ, ಕೈಯಲ್ಲಿ ಬರ್ಚ್ ಮರದ ಸಣ್ಣ ಕೋಲು. ಲೆವಾಡ್‌ನಲ್ಲಿ ಕುದುರೆ ಹಿಂಗಾಲಿನ ಮೇಲೆ ಕುಕ್ಕುರು ಕೂತ ಹಾಗೆ ಬಾಗಿ ಮುಂಗಾಲು ಎತ್ತಿ ಕೆಲವು ಸೆಕೆಂಡು ನಿಲ್ಲುತ್ತದೆ. ಕೂರ್ಬೆಟ್‌ನಲ್ಲಿ ಹಾಗೇ ಹಿಂಗಾಲಿನ ಮೇಲೆ ಕುಪ್ಪಳಿಸುತ್ತದೆ. ಕ್ಯಾಪ್ರಿಯೋಲ್ ಅಂದರೆ ನೆಲ ಬಿಟ್ಟು ಪೂರ್ತಿ ಮೇಲೆ ಹಾರಿ, ಗಾಳಿಯಲ್ಲೇ ಹಿಂಗಾಲು ಝಾಡಿಸುವುದು. ಇಟಾಲಿಯನ್‌ನಲ್ಲಿ ಮೇಕೆಗೆ 'ಕಾಪ್ರಾ' ಅನ್ನುತ್ತಾರೆ, ಹೆಸರು ಬಂದಿದ್ದು ಅಲ್ಲಿಂದ. ಎಲ್ಲಾ ಕುದುರೆಗೂ ಇವು ಬರುವುದಿಲ್ಲ. ಯಾವುದಕ್ಕೆ ಯಾವುದು ಒಲಿಯುತ್ತದೋ ಅದನ್ನೇ ಕಲಿಸುತ್ತಾರೆ. ಎಂಟು ಕುದುರೆಗಳು ಒಟ್ಟಿಗೆ ಹೆಜ್ಜೆ ಹಾಕುವ ಕ್ವಾಡ್ರಿಲ್ ಶುರುವಾದಾಗ ಹಾಲ್ ಪೂರ್ತಿ ಮೌನ. ಚರ್ಮ ಕಿರ್ರೆನ್ನುವ ಸದ್ದು, ಕುದುರೆಗಳ ಉಸಿರು ನಮ್ಮವರೆಗೂ ಕೇಳುತ್ತಿತ್ತು. ಹಿಂದಿನ ದಿನ ಅಭ್ಯಾಸ ನೋಡಿದ್ದರಿಂದ ಇದರ ಬೆಲೆ ನಮಗೆ ಗೊತ್ತಿತ್ತು. ಮೊದಲು ಇದನ್ನೇ ನೋಡಿದ್ದರೆ ಬರೀ ಬೆರಗಾಗಿ ಎದ್ದು ಬರುತ್ತಿದ್ದೆವು ಅನ್ನಿಸುತ್ತದೆ.

ಲಾಯದ ಟೂರ್ ಬಿಡಬೇಡಿ. ಕುದುರೆಗಳು ಇರುವುದು ಸ್ಟಾಲ್‌ಬರ್ಗ್ ಅನ್ನುವ 16ನೇ ಶತಮಾನದ ಕಟ್ಟಡದಲ್ಲಿ, ಸುತ್ತಲೂ ಕಮಾನುಗಳಿರುವ ಅಂಗಳ. ಕುದುರೆಗಳನ್ನು ಮುಟ್ಟುವ ಹಾಗಿಲ್ಲ. ಹೆಸರಿನ ಫಲಕ ಓದಿ: ಮೊದಲ ಪದ ತಂದೆಯ ವಂಶ, ಎರಡನೆಯದು ತಾಯಿಯ ಹೆಸರು. ತಂದೆಯ ವಂಶಗಳು ಆರೇ. ಪ್ಲುಟೊ, ಕಾನ್ವರ್ಸಾನೊ, ನಿಯಾಪೊಲಿಟಾನೊ, ಫಾವೊರಿ, ಮಾಯೆಸ್ಟೋಸೊ, ಸಿಗ್ಲಾವಿ. ನಮ್ಮ ಅಕ್ಕನಿಗೆ ತಾಯಿ ಹೆಸರೂ ಸೇರಿಸುತ್ತಾರೆ ಅನ್ನುವುದೇ ತುಂಬಾ ಹಿಡಿಸಿತು. ಬಿಳಿಯಾಗದೆ ಕಂದಾಗಿಯೇ ಉಳಿದ ಒಂದು ಕುದುರೆಯನ್ನು ಅದೃಷ್ಟಕ್ಕೆ ಅಂತ ಯಾವಾಗಲೂ ಇಟ್ಟುಕೊಂಡಿರುತ್ತಾರೆ, ಕೇಳಿ ನೋಡಿ. 1992ರ ನವೆಂಬರ್‌ನಲ್ಲಿ ಪಕ್ಕದ ಕಟ್ಟಡಕ್ಕೆ ಬೆಂಕಿ ಬಿದ್ದಾಗ ರಾತ್ರೋರಾತ್ರಿ ಕುದುರೆಗಳನ್ನು ಹೊರಗೆ ತಂದು ಹತ್ತಿರದ ಫೋಕ್ಸ್‌ಗಾರ್ಟನ್ ತೋಟಕ್ಕೆ ಕರಕೊಂಡು ಹೋಗಿದ್ದರು. ಮೇ ಕೊನೆಗೆ ಅಲ್ಲಿ ಗುಲಾಬಿ ಅರಳಿರುತ್ತವೆ. ಟೂರ್ ಮುಗಿಸಿ ಅಲ್ಲಿ ಕೂರಬಹುದು.

ಊಟ: ಸಸ್ಯಾಹಾರಿಗಳಿಗೆ ಕಷ್ಟ ಇಲ್ಲ. ನಾಶ್‌ಮಾರ್ಕ್ಟ್ ಸಂತೆಯಲ್ಲಿ ಫಲಾಫೆಲ್ (ಕಡಲೆಯ ವಡೆ), ಚೀಸ್, ಹಣ್ಣು ಎಲ್ಲಾ ಸಿಗುತ್ತದೆ. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಶನಿವಾರವೇ ತೊಗೊಂಡಿಡಿ. ನಲ್ಲಿ ನೀರು ಬೆಟ್ಟದ ಬುಗ್ಗೆಯಿಂದ ಬರುವುದು, ಧೈರ್ಯವಾಗಿ ಕುಡಿಯಿರಿ. ನಮ್ಮ ಚಟ್ನಿಪುಡಿ, ಅವಲಕ್ಕಿ ಬೆಳಗ್ಗೆಯ ಹೊತ್ತಿಗೆ ಆಯಿತು.

ಒಂದು ದಿನ ಹೆಚ್ಚಿಗೆ ಇದ್ದರೆ ಪೀಬರ್‌ಗೆ ಹೋಗಿ. 1920ರಿಂದ ಈ ಕುದುರೆಗಳ ತಳಿ ಬೆಳೆಸುತ್ತಿರುವ ಊರು ಅದು, ಸ್ಟೈರಿಯಾ ಪ್ರಾಂತ್ಯದಲ್ಲಿ. ವಿಯೆನ್ನಾದಿಂದ ಗ್ರಾಟ್ಸ್‌ಗೆ ರೈಲಿನಲ್ಲಿ ಎರಡೂವರೆ ಗಂಟೆ. ಅಲ್ಲಿಂದ ಇನ್ನೊಂದು ರೈಲಿನಲ್ಲಿ ಕ್ಯೋಫ್ಲಾಖ್‌ಗೆ ಸುಮಾರು ಒಂದು ಗಂಟೆ. ಕ್ಯೋಫ್ಲಾಖ್‌ನಿಂದ ನಾವು ನಡೆದೇ ಹೋದೆವು. ಒಂದೇ ದಿನದಲ್ಲಿ ಹೋಗಿಬರುವುದು ಆಯಾಸ, ಗ್ರಾಟ್ಸ್‌ನಲ್ಲಿ ಒಂದು ರಾತ್ರಿ ಉಳಿಯಿರಿ. ವಾಪಸ್ ರೈಲಿನ ಸಮಯ ಬೆಳಗ್ಗೆಯೇ ನೋಡಿಟ್ಟುಕೊಳ್ಳಿ. ವಸಂತದಲ್ಲಾದರೆ ಹಸಿರು ಇಳಿಜಾರಿನಲ್ಲಿ ಬಿಳಿ ತಾಯಂದಿರು, ಪಕ್ಕದಲ್ಲಿ ಕಪ್ಪು ಮರಿಗಳು. ಬೇಲಿಯ ಹತ್ತಿರ ಒಂದು ಮರಿ ನಮ್ಮನ್ನೇ ನೋಡುತ್ತಾ ನಿಂತಿತ್ತು. ಮೇಷ್ಟ್ರು ಕೈ ಕಟ್ಟಿ ಅದನ್ನು ನೋಡುತ್ತಾ ನಿಂತುಬಿಟ್ಟರು. "ಇನ್ನೂ ನಾಲ್ಕು ವರ್ಷ ಇದಕ್ಕೆ ಆಟವೇ," ಅಂದರು. ಆ ದಿನ ನಾವು ಹಿಡಿಯಬೇಕಿದ್ದ ರೈಲು ತಪ್ಪಿತು, ಮುಂದಿನದರಲ್ಲಿ ಬಂದೆವು.