ಗಟ್ಟಿ ಗೋಡೆ ಕಟ್ಟಿದ್ದಕ್ಕೆ ಬೈಸಿಕೊಂಡ ಕತೆ

ನಾನು ಸೆಟ್ ಕೆಲಸ ಕಲಿತದ್ದು ಮುಂಬೈ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ, ಕನ್ನಡ ನಾಟಕಗಳಿಗೆ ಫ್ಲ್ಯಾಟ್, ಅಂದರೆ ರಂಗದ ಮೇಲಿನ ಹುಸಿ ಗೋಡೆ, ಹೊತ್ತು. ನಟ ಸಿಟ್ಟಿನಲ್ಲಿ ಬಾಗಿಲು ಬಡಿದಾಗ ಗೋಡೆ ಅಲುಗಬಾರದು. ಅಲುಗಿದರೆ ಅಳುವ ಸೀನಿಗೂ ಜನ ನಗುತ್ತಾರೆ. ಇಷ್ಟು ಗೊತ್ತಿದ್ದರೆ ಸಾಕು ಎಂದುಕೊಂಡು ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ ಒಂದು ಸೀರಿಯಲ್‌ಗೆ ಅಸಿಸ್ಟೆಂಟ್ ಆರ್ಟ್ ಡೈರೆಕ್ಟರ್ ಆಗಿ ಸೇರಿದೆ.

ಮೊದಲು ಕೈಗೆ ಬಂದದ್ದು ಚಾಳಿನ ಖೋಲಿ, ಅಂದರೆ ಮುಂಬೈನ ವಠಾರದ ಒಂದು ಕೋಣೆ, 12 ಅಡಿ ಅಗಲ. 8 ಬೈ 4 ಅಡಿಯ ಪ್ಲೈವುಡ್, ಹಿಂದೆ ಅಡ್ಡಪಟ್ಟಿ, ಮೂಲೆ ಮೂಲೆಗೂ ಮೊಳೆ, ಜಾಯಿಂಟ್ ಕಾಣದ ಹಾಗೆ ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್). ಆನೆ ಒರಗಿದರೂ ಬೀಳಲ್ಲ, ಹಾಗೆ ಕಟ್ಟಿಸಿದೆ. ನಮ್ಮ ಬಡಗಿ ಕಾಕಾ ವಿಜಯಪುರದ ಕಡೆಯವರು. ಸುತ್ತ ಒಂದು ಸಲ ನೋಡಿ, "ತಮ್ಮಾ, ಇದನ್ನ ಬಿಚ್ಚೂದು ಹ್ಯಾಂಗ?" ಅಂದರು. "ಶೂಟಿಂಗ್ ಮುಗಿದ ಮೇಲೆ ಒಡೆದರಾಯ್ತು ಕಾಕಾ" ಅಂದೆ. ಪಾಪ, ಕೆಲಸ ಕಮ್ಮಿ ಮಾಡೋಕೆ ನೆಪ ಹುಡುಕ್ತಿದ್ದಾರೆ ಅಂತಲೇ ನನ್ನ ಲೆಕ್ಕ.

ಶೂಟ್ ದಿನ ಡಿಓಪಿ, ಅಂದರೆ ಮುಖ್ಯ ಕ್ಯಾಮೆರಾಮನ್, 50 ಎಂಎಂ ಲೆನ್ಸ್ ಹಾಕಿದರು. ಕಿಟಕಿಯ ಹತ್ತಿರ ಅತ್ತೆ, ಸೊಸೆ, ನಡುವೆ ಮಂಚ. ಮೂರೂ ಫ್ರೇಮಿನಲ್ಲಿ ಬೇಕು. ಸೂಪರ್ 35 ಅಳತೆಯ ಸೆನ್ಸರ್ ಇರುವ ಕ್ಯಾಮೆರಾದಲ್ಲಿ ಆ ಲೆನ್ಸ್‌ಗೆ 10 ಅಡಿ ದೂರದಿಂದ ಕಾಣುವುದು ಸುಮಾರು 5 ಅಡಿ ಅಗಲ, ಅಷ್ಟೇ. ಕ್ಯಾಮೆರಾ ಹಿಂದೆ ಸರಿಯಿತು. ಇನ್ನೂ ಸರಿಯಿತು. ಆಮೇಲೆ ಟ್ರೈಪಾಡಿನ ಕಾಲು ನನ್ನ ಗೋಡೆಗೆ ತಾಗಿತು.

"ದೀವಾರ್ ನಿಕಾಲೋ!" ಗೋಡೆ ತೆಗೀರಿ ಅಂತ ಕೂಗು ಬಂತು.

ಸೆಟ್ ಕಟ್ಟಿ ಬಿಚ್ಚುವ ಸೆಟ್ಟಿಂಗ್ ದಾದಾಗಳು ಗೋಡೆಯ ಹಿಂದೆ ಹೋದರು. ಬಿಚ್ಚೋಕೆ ಕ್ಲ್ಯಾಂಪ್ ಹುಡುಕಿದರು. ಇಲ್ಲ. ಒಬ್ಬ ದಾದಾ ಗೋಡೆಯ ಪಕ್ಕದಿಂದ ಇಣುಕಿ, "ಯೇ ಕಿಸ್ನೆ ಬನಾಯಾ?", ಇದನ್ನ ಕಟ್ಟಿದ್ದು ಯಾರು ಅಂದ. ಇಡೀ ಫ್ಲೋರ್ ನನ್ನ ಕಡೆ ತಿರುಗಿತು. ಗರಗಸ ಬಂತು. ಪಿಓಪಿ ಪುಡಿ ಅತ್ತೆಯ ರೇಷ್ಮೆ ಸೀರೆ ಮೇಲೆ ಸುರಿಯಿತು. ಸೊಸೆ ನಕ್ಕಳು, ಅತ್ತೆ ನಗಲಿಲ್ಲ. ಮೇಕಪ್ ದಾದಾ ಬ್ರಷ್ ಹಿಡಿದು ಓಡಿದ. ಪ್ರೊಡಕ್ಷನ್ ಕಂಟ್ರೋಲರ್ ಏನೂ ಬೈಯಲಿಲ್ಲ, ಪದೇ ಪದೇ ಗಡಿಯಾರ ನೋಡಿದರು. ಬೈದಿದ್ದರೇ ಚೆನ್ನಾಗಿತ್ತು. ಬೈದದ್ದು ಸಂಜೆ, ಫೋನಿನಲ್ಲಿ, ಚಾನೆಲ್‌ನವರ ಎದುರಿಗೆ.

ಅದೇ ರಾತ್ರಿ ಕಾಕಾ ಗೋಡೆಗೆ ಪಿನ್ ಎಳೆದರೆ ಬಿಡಿಸಿಕೊಳ್ಳುವ ಕಬ್ಜಾ (ತಿರುಗಣಿ) ಹಾಕಿದರು. ಜಾಯಿಂಟ್‌ಗೆ ಪಿಓಪಿ ಮುಟ್ಟಿಸಲೇ ಇಲ್ಲ. ಒಂದು ಸಂದಿಯ ಮೇಲೆ ನೀರಿನ ಪೈಪು ಇಳಿಸಿದರು, ಇನ್ನೊಂದರ ಮುಂದೆ ಕಪಾಟು ತಳ್ಳಿದರು. ನೋಡಿದರೆ ಖೋಲಿ ಮೊದಲಿಗಿಂತ ನಿಜ ಅನ್ನಿಸಿತು! ಚಾಳಿನಲ್ಲಿ ಗೋಡೆ ಮೇಲೆ ಪೈಪು ಇರದ ಮನೆ ಎಲ್ಲಿದೆ?

ಆದರೂ ಒಂದು ಮಾತು. ಡ್ರಾಯಿಂಗ್ ಮಾಡುವಾಗಲೇ ಡಿಓಪಿ ಜೊತೆ ಕೂರಿಸಿ ಅಂದರೆ ಇವತ್ತಿಗೂ ಕೇಳುವವರಿಲ್ಲ. ಪ್ರೊಡಕ್ಷನ್‌ನವರು ಡಿಓಪಿಯ ಒಂದು ದಿನದ ದುಡ್ಡು ಉಳಿಸುತ್ತಾರೆ. ನಮಗೆ ಬರುವುದು ವಾಟ್ಸಾಪಿನಲ್ಲಿ ಒಂದು ಫೋಟೋ, "ಐಸಾ ಕುಛ್", ಹೀಗೇ ಏನೋ ಒಂದು, ಅನ್ನುವ ವಾಯ್ಸ್ ನೋಟ್. ಅದಕ್ಕೇ ನಾನೀಗ ಡಿಓಪಿಗೆ ನಾನೇ ಫೋನ್ ಮಾಡುತ್ತೇನೆ. ಯಾವ ಲೆನ್ಸ್, ಯಾವ ಗೋಡೆ ತೆಗೆಯಬೇಕು, ಎರಡೇ ಪ್ರಶ್ನೆ.

ಊರಿನ ಹುಡುಗರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಎಫ್‌ಟಿಐಐನಲ್ಲಿ ಕಲಾ ನಿರ್ದೇಶನ ಓದಲಾ, ನೇರ ಸೆಟ್‌ಗೆ ಬರಲಾ ಅಂತ ಕೇಳುತ್ತಾರೆ. ಸೀಟು ಸಿಕ್ಕರೆ ಓದಿ. ಸೆಟ್‌ಗೆ ಬರುವುದಾದರೆ ಮೂರ್ನಾಲ್ಕು ತಿಂಗಳ ಬಾಡಿಗೆ ಕೈಯಲ್ಲಿಟ್ಟುಕೊಂಡು ಬನ್ನಿ. ಸೀರಿಯಲ್‌ನಲ್ಲಿ ಪೇಮೆಂಟ್ ಬರುವುದು ಸಾಮಾನ್ಯವಾಗಿ 90 ದಿನಕ್ಕೆ.