ಹಳೇ ನೆಟ್‌ಬುಕ್‌ನಲ್ಲಿ ಡೆಬಿಯನ್: ವೈಫೈ ಬಂತು

ವೈಫೈ ಬಂತು. ಬ್ರಾಡ್‌ಕಾಮ್ ಕಂಪನಿಯ ಬಿಸಿಎಂ4312 ವೈಫೈ ಕಾರ್ಡ್, ಡೆಬಿಯನ್ 12 (ಲಿನಕ್ಸ್‌ನ ಒಂದು ರೂಪ), ಆ ಕಾರ್ಡ್ ನಡೆಸುವ ಬಿ43 ಡ್ರೈವರ್. ಇದೇ ಕಾರ್ಡ್ ಇರುವವರಿಗೆ ಕನ್ನಡದಲ್ಲಿ ಒಂದೇ ಕಡೆ ಸಿಗಲಿ ಎಂದು ಆದದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ಶನಿವಾರ ಬೆಳಿಗ್ಗೆ

ಯಂತ್ರ 2009ರ ಹೊತ್ತಿನ ಹತ್ತು ಇಂಚಿನ ನೆಟ್‌ಬುಕ್. ಆಟಂ ಎನ್270 ಪ್ರೊಸೆಸರ್, 2 ಜಿಬಿ ರ‍್ಯಾಮ್. ಅಕ್ಕನ ಮಗಳು ಈ ವರ್ಷ ಪಿಯುಸಿ, ಅವಳಿಗೆ ಪಿಡಿಎಫ್ ಓದಲು, ಕನ್ನಡದಲ್ಲಿ ಟೈಪ್ ಮಾಡಲು ಇಷ್ಟು ಸಾಕು. ಎನ್270 ಬರೀ 32 ಬಿಟ್. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರೇ ಇಲ್ಲ, ಹಾಗಾಗಿ 12 ಹಾಕಿದೆ, ಮೇಲೆ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್. ಸ್ಕ್ರೀನ್, ಸೌಂಡ್, ಟಚ್‌ಪ್ಯಾಡ್ ಎಲ್ಲ ತಾವಾಗಿಯೇ ಬಂದವು. ವೈಫೈ ಮಾತ್ರ ಇಲ್ಲ.

ಫರ್ಮ್‌ವೇರ್ ಅಂದರೆ ಕಾರ್ಡ್ ಒಳಗೇ ಓಡುವ ಸಣ್ಣ ಪ್ರೋಗ್ರಾಂ. ಡೆಬಿಯನ್ 12ರಿಂದ ಇನ್‌ಸ್ಟಾಲರ್ ಒಳಗೇ ಮುಕ್ತವಲ್ಲದ ಫರ್ಮ್‌ವೇರ್‌ಗಳೂ ಬರುತ್ತವೆ. 2022ರಲ್ಲಿ ಡೆಬಿಯನ್ ಡೆವಲಪರ್‌ಗಳು ಮತ ಹಾಕಿ ಹಾಗೆ ತೀರ್ಮಾನಿಸಿದರು, ಒಳ್ಳೆಯ ತೀರ್ಮಾನ. ಇಂಟೆಲ್, ರಿಯಲ್‌ಟೆಕ್ ಕಾರ್ಡ್ ಇರುವವರಿಗೆ ಇದರಿಂದ ದೊಡ್ಡ ತಲೆನೋವು ಕಳೆಯಿತು. ಆದರೆ ಈ ಹಳೆಯ ಬ್ರಾಡ್‌ಕಾಮ್ ಫರ್ಮ್‌ವೇರನ್ನು ಬೇರೆಯವರು ಹಂಚಲು ಅನುಮತಿ ಇಲ್ಲ. ಆದ್ದರಿಂದ ಇನ್‌ಸ್ಟಾಲರ್‌ನಲ್ಲಿ ಅದು ಇರುವುದಿಲ್ಲ, ನಾವೇ ತರಬೇಕು. ಕಾರ್ಡ್ ಕೆಟ್ಟಿದೆ ಎಂದುಕೊಂಡು ಬಿಸಾಡಬೇಡಿ.

ಶನಿವಾರ ಮಧ್ಯಾಹ್ನ

ಮೊದಲು ಯಾವ ಕಾರ್ಡ್ ಎಂದು ತಿಳಿಯಬೇಕು. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಕಮಾಂಡ್‌ಗೆ ಎನ್‌ಎನ್‌ಕೆ ಆಯ್ಕೆ ಸೇರಿಸಿ ಓಡಿಸಿದೆ. ಸಾಲಿನ ಕೊನೆಯಲ್ಲಿ ಚೌಕ ಆವರಣದಲ್ಲಿ 14ಇ4:4315 ಎಂದು ಬಂತು. ಮೊದಲ ಭಾಗ ಕಂಪನಿಯ ಗುರುತು, 14ಇ4 ಅಂದರೆ ಬ್ರಾಡ್‌ಕಾಮ್. ಎರಡನೆಯದು ಚಿಪ್‌ನ ಗುರುತು. ಏನೇ ಹುಡುಕುವುದಿದ್ದರೂ ಲ್ಯಾಪ್‌ಟಾಪ್‌ನ ಮಾಡೆಲ್ ಹೆಸರಲ್ಲ, ಈ ಸಂಖ್ಯೆ ಹಾಕಿ ಹುಡುಕಿ. ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆ ಕಾರ್ಡ್ ಹಾಕಿ ಮಾರಿರುವುದು ಉಂಟು.

ಅದರ ಕೆಳಗೇ ಡ್ರೈವರ್ ಎಂದು ಬಿ43-ಪಿಸಿಐ-ಬ್ರಿಡ್ಜ್ ಎಂದು ತೋರಿಸುತ್ತದೆ. ಇದನ್ನು ನೋಡಿ ಬಹಳ ಜನ ಡ್ರೈವರ್ ತಪ್ಪಾಗಿದೆ ಎಂದುಕೊಳ್ಳುತ್ತಾರೆ. ತಪ್ಪಿಲ್ಲ. ಆ ಚಿಪ್‌ನ ಒಳಗೆ ಎಸ್‌ಎಸ್‌ಬಿ ಎಂಬ ತನ್ನದೇ ಒಂದು ಬಸ್ (ಭಾಗಗಳ ನಡುವೆ ಡೇಟಾ ಓಡಾಡುವ ದಾರಿ) ಇದೆ, ಕಂಪ್ಯೂಟರಿನ ಪಿಸಿಐ ಬಸ್‌ಗೆ ಕಾಣುವುದು ಆ ಬಸ್‌ಗೆ ಹೋಗುವ ಸೇತುವೆ ಮಾತ್ರ, ನಿಜವಾದ ಬಿ43 ಡ್ರೈವರ್ ಅದರ ಹಿಂದೆ ಕೂತಿರುತ್ತದೆ.

ಡಿಮೆಸೇಜ್, ಅಂದರೆ ಕರ್ನಲ್ (ಲಿನಕ್ಸ್‌ನ ತಿರುಳು) ಬರೆದಿಡುವ ಸಂದೇಶಗಳನ್ನು ನೋಡಿದರೆ ಎಲ್ಲವೂ ಸ್ಪಷ್ಟ: ಬ್ರಾಡ್‌ಕಾಮ್ 4312 ಸಿಕ್ಕಿದೆ, ಬಿ43 ಫೋಲ್ಡರ್‌ನಲ್ಲಿ ಯುಕೋಡ್15 ಎಂಬ ಫರ್ಮ್‌ವೇರ್ ಫೈಲ್ ಸಿಗಲಿಲ್ಲ. ಕರ್ನಲ್ ಏನು ಬೇಕೆಂದು ಹೆಸರು ಹಿಡಿದು ಹೇಳುತ್ತಿದೆ ಅಲ್ವಾ? ಯಾವುದೋ ಪುಟದಿಂದ ಹತ್ತು ಕಮಾಂಡ್ ತಂದು ಅಂಟಿಸುವ ಮೊದಲು ಈ ಸಾಲುಗಳನ್ನು ಓದಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಮುಂದೆ ಎರಡು ದಾರಿ ಇತ್ತು. ಒಂದು ಬ್ರಾಡ್‌ಕಾಮ್‌ನದೇ ಡಬ್ಲ್ಯುಎಲ್ ಡ್ರೈವರ್, ಡೆಬಿಯನ್‌ನಲ್ಲಿ ಬ್ರಾಡ್‌ಕಾಮ್-ಎಸ್‌ಟಿಎ ಎಂಬ ಹೆಸರಿನಲ್ಲಿ ಸಿಗುತ್ತದೆ. ಅದರ ಮುಖ್ಯ ಭಾಗ ಮೊದಲೇ ಕಂಪೈಲ್ ಆಗಿ ಬಂದಿರುವಂಥದ್ದು, ಒಳಗೆ ಏನಿದೆ ಎಂದು ಯಾರೂ ನೋಡುವಂತಿಲ್ಲ. ಮೂಲ ಡ್ರೈವರ್ 2015ಕ್ಕೇ ನಿಂತಿದೆ, ಆಮೇಲಿನ ಕರ್ನಲ್‌ಗಳಿಗೆ ಹೊಂದಿಸುತ್ತಿರುವುದು ಡೆಬಿಯನ್‌ನಂಥ ಡಿಸ್ಟ್ರೋಗಳ ಪ್ಯಾಚ್‌ಗಳು. ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಅದು ಮತ್ತೆ ಕಂಪೈಲ್ ಆಗಬೇಕು, ಅದಕ್ಕೆ ಬೇಕಾದ ಕರ್ನಲ್ ಹೆಡರ್ ಪ್ಯಾಕೇಜ್ ಇಲ್ಲದಿದ್ದರೆ ಒಂದು ದಿನ ಇದ್ದಕ್ಕಿದ್ದಂತೆ ವೈಫೈ ಮಾಯ. ಇನ್ನೊಂದು ಬಿ43. ಅದು ಕರ್ನಲ್ ಒಳಗೇ ಇದೆ, ಫರ್ಮ್‌ವೇರ್ ಒಂದು ಕೊಟ್ಟರೆ ಆಯಿತು. ಯಂತ್ರ ನನ್ನ ಕೈಯಲ್ಲಿ ಇರುವುದಿಲ್ಲ, ಪಿಯುಸಿ ಹುಡುಗಿಯ ಹತ್ತಿರ ಇರುತ್ತದೆ, ಹಾಗಾಗಿ ಬಿ43 ಎಂದು ನಿರ್ಧರಿಸಿದೆ.

ಬಿ43 ಬಗ್ಗೆ ನನಗೆ ಬಹಳ ಗೌರವ ಇದೆ. ಈ ಚಿಪ್‌ಗಳ ವಿವರ ಹೊರಗೆ ಸಿಗದಿದ್ದ ಕಾಲದಲ್ಲಿ ಜನ ಎನ್‌ಡಿಐಎಸ್‌ರ‍್ಯಾಪರ್ ಹಾಕಿ ವಿಂಡೋಸ್ ಡ್ರೈವರನ್ನೇ ಲಿನಕ್ಸ್‌ನಲ್ಲಿ ಓಡಿಸುತ್ತಿದ್ದರು. ಆಗ ಕೆಲವು ಸ್ವಯಂಸೇವಕರು ಎರಡು ಗುಂಪಾಗಿ ಕೂತರು. ಒಂದು ಗುಂಪು ಇದ್ದ ಡ್ರೈವರನ್ನು ಬಿಚ್ಚಿ ನೋಡಿ ಚಿಪ್ ಹೇಗೆ ನಡೆಯುತ್ತದೆ ಎಂದು ಬರೆದಿಟ್ಟಿತು. ಇನ್ನೊಂದು ಗುಂಪು ಆ ಮೂಲ ಡ್ರೈವರನ್ನು ನೋಡದೆ, ಬರೆದಿಟ್ಟ ವಿವರ ಓದಿಕೊಂಡೇ ಹೊಸ ಡ್ರೈವರ್ ಬರೆಯಿತು. ಹೀಗೆ ಹುಟ್ಟಿದ ಬಿಸಿಎಂ43ಎಕ್ಸ್‌ಎಕ್ಸ್ 2006ರಲ್ಲಿ ಕರ್ನಲ್ 2.6.17ಕ್ಕೆ ಸೇರಿತು, 2008ರ ಜನವರಿಯ 2.6.24ರಲ್ಲಿ ಅದರ ಜಾಗಕ್ಕೆ ಬಿ43 ಬಂತು. ಬ್ರಾಡ್‌ಕಾಮ್ 2010ರಲ್ಲಿ ಒಂದು ಮುಕ್ತ ಡ್ರೈವರ್ ಬಿಡುಗಡೆ ಮಾಡಿತು, ಆದರೆ ಅದು ಹೊಸ ಚಿಪ್‌ಗಳಿಗೆ, 4312 ಅದರಲ್ಲಿ ಇಲ್ಲ. ಅಂದರೆ ಇವತ್ತು ಈ ಕಾರ್ಡ್ ಕರ್ನಲ್‌ನದೇ ಡ್ರೈವರ್‌ನಲ್ಲಿ ಓಡುತ್ತಿದ್ದರೆ ಅದು ಆ ಜನರ ಕೆಲಸ. ಇಟಲಿಯ ಬ್ರೆಶಿಯಾ ವಿಶ್ವವಿದ್ಯಾಲಯದವರು ಮುಕ್ತ ಫರ್ಮ್‌ವೇರ್ ಕೂಡ ಬರೆದಿದ್ದಾರೆ, ಆದರೆ ಅದು ಇನ್ನೂ ಹಳೆಯ ಕೆಲವು ಚಿಪ್‌ಗಳಿಗೆ ಮಾತ್ರ.

ಶನಿವಾರ ಸಂಜೆ

ಫರ್ಮ್‌ವೇರ್ ತರಲು ನೆಟ್ ಬೇಕು, ನೆಟ್ ಬರಲು ಫರ್ಮ್‌ವೇರ್ ಬೇಕು. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಲಿನಕ್ಸ್‌ಗೆ ಅದು ತಂತಿಯ ನೆಟ್‌ವರ್ಕ್ ಥರ ಕಾಣುತ್ತದೆ, ಯಾವ ಡ್ರೈವರೂ ಹಾಕಬೇಕಿಲ್ಲ. ಫೋನ್ ಮನೆಯ ವೈಫೈಯಲ್ಲೇ ಇದ್ದರೆ ಮೊಬೈಲ್ ಡೇಟಾ ಕೂಡ ಖರ್ಚಾಗುವುದಿಲ್ಲ.

ಪ್ಯಾಕೇಜ್‌ಗಳನ್ನು ತರುವ ಆಪ್ಟ್‌ನ ಸೋರ್ಸಸ್ ಪಟ್ಟಿಯಲ್ಲಿ ಕಾಂಟ್ರಿಬ್ ಎಂಬ ವಿಭಾಗ ಸೇರಿಸಿ, ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್ ಪ್ಯಾಕೇಜ್ ಹಾಕಿದೆ. ಇದರಲ್ಲಿ ಫರ್ಮ್‌ವೇರ್ ಇಲ್ಲ. ಇದು ಬ್ರಾಡ್‌ಕಾಮ್‌ನ ಹಳೆಯ ಡ್ರೈವರ್ ಫೈಲನ್ನು ನೆಟ್‌ನಿಂದ ಇಳಿಸಿಕೊಂಡು, ಬಿ43-ಎಫ್‌ಡಬ್ಲ್ಯುಕಟ್ಟರ್ ಎಂಬ ಪ್ರೋಗ್ರಾಂನಿಂದ ಫರ್ಮ್‌ವೇರ್ ಇರುವ ತುಂಡುಗಳನ್ನಷ್ಟೇ ಕತ್ತರಿಸಿ ತೆಗೆದು ಲಿಬ್ ಫರ್ಮ್‌ವೇರ್ ಒಳಗೆ ಬಿ43 ಫೋಲ್ಡರ್‌ನಲ್ಲಿ ಇಡುತ್ತದೆ. ಹಂಚಲು ಅನುಮತಿ ಇಲ್ಲದಿದ್ದರೂ ಕೆಲಸ ನಡೆಯುವಂತೆ ಮಾಡಿದ ಜಾಣ ವ್ಯವಸ್ಥೆ ಇದು. ಡ್ರೈವರ್ ಹಾಕುವ, ತೆಗೆಯುವ ಮಾಡ್‌ಪ್ರೋಬ್ ಕಮಾಂಡ್‌ನಿಂದ ಬಿ43 ತೆಗೆದು ಮತ್ತೆ ಹಾಕಿದ ಮೇಲೆ ಡಿಮೆಸೇಜ್‌ನಲ್ಲಿ ಫರ್ಮ್‌ವೇರ್ 666.2 ಲೋಡ್ ಆಯಿತು ಎಂದು ಬಂತು, 2011ರ ಫೆಬ್ರವರಿಯದು.

ಆದರೂ ನೆಟ್‌ವರ್ಕ್‌ಗಳ ಪಟ್ಟಿ ಖಾಲಿ. ವೈಫೈ ರೇಡಿಯೋ ಆಫ್ ಆಗಿದೆಯೇ ಎಂದು ತೋರಿಸುವ ಆರ್‌ಎಫ್‌ಕಿಲ್ ಲಿಸ್ಟ್ ಕಮಾಂಡ್ ಹೇಳಿತು: ಹಾರ್ಡ್ ಬ್ಲಾಕ್. ಸಾಫ್ಟ್ ಬ್ಲಾಕ್ ಆಗಿದ್ದರೆ ಅದೇ ಕಮಾಂಡ್‌ನಿಂದ ಬಿಡಿಸಬಹುದು, ಹಾರ್ಡ್ ಬ್ಲಾಕ್ ಅಂದರೆ ಎಲ್ಲೋ ಗುಂಡಿ ಇದೆ ಎಂದರ್ಥ. ಈ ಯಂತ್ರದಲ್ಲಿ ಮುಂದಿನ ಅಂಚಿನಲ್ಲಿ ಪುಟ್ಟ ಸ್ಲೈಡರ್. ಸರಿಸಿದೆ, ಮನೆಯ ವೈಫೈ ಹೆಸರು ಬಂತು, ಪಾಸ್‌ವರ್ಡ್ ಕೊಟ್ಟೆ, ಸೇರಿತು.

ಭಾನುವಾರ

ಸೇರಿತು, ಆದರೆ ದೊಡ್ಡ ಫೈಲ್ ಇಳಿಸುವಾಗ ನಡುವೆ ಕಡಿದುಹೋಗುತ್ತಿತ್ತು. ಡಿಮೆಸೇಜ್‌ನಲ್ಲಿ ಫೇಟಲ್ ಡಿಎಂಎ ಎರರ್. ಕೆಲವು ಆಟಂ ನೆಟ್‌ಬುಕ್‌ಗಳಲ್ಲಿ ಈ ಚಿಪ್‌ಗೆ ಇದು ಗೊತ್ತಿರುವ ತೊಂದರೆ. ಡಿಎಂಎ ಅಂದರೆ ಕಾರ್ಡ್ ತಾನೇ ನೇರವಾಗಿ ಮೆಮೊರಿಗೆ ಡೇಟಾ ಹಾಕುವುದು. ಪಿಐಒ ಅಂದರೆ ಪ್ರೊಸೆಸರ್ ತಾನೇ ಕೂತು ಒಂದೊಂದನ್ನೇ ಎತ್ತಿ ಹಾಕುವುದು, ಹೋಟೆಲ್‌ನಲ್ಲಿ ಸಪ್ಲೈಯರ್ ಬರದ ದಿನ ಮಾಲೀಕರೇ ತಟ್ಟೆ ಹೊತ್ತಂತೆ. ನಿಧಾನ, ಆದರೆ ಊಟ ಬರುತ್ತದೆ.

ಎರರ್ ಬಂದಾಗ ಡ್ರೈವರ್ ತಾನೇ ಪಿಐಒಗೆ ಬದಲಾಗುತ್ತದೆ, ಆದರೆ ಪ್ರತಿ ಸಲ ಕಡಿದು ಮತ್ತೆ ಸೇರುವ ಗೋಳು ಯಾಕೆ? ಇಟಿಸಿ ಒಳಗಿನ ಮಾಡ್‌ಪ್ರೋಬ್.ಡಿ ಫೋಲ್ಡರ್‌ನಲ್ಲಿ ಹೊಸ ಕಾನ್ಫ್ ಫೈಲ್ ಮಾಡಿ ಒಂದೇ ಸಾಲು ಬರೆದೆ: ಆಪ್ಷನ್ಸ್ ಬಿ43 ಪಿಐಒ=1 ಕ್ಯೂಒಎಸ್=0. ರೀಬೂಟ್ ಆದಮೇಲೆ ಕಡಿದಿಲ್ಲ. ಇಂಥ ಎರರ್ ಇಲ್ಲದಿದ್ದರೆ ನೀವು ಈ ಸಾಲು ಹಾಕಬೇಡಿ, ಸುಮ್ನೆ ಪ್ರೊಸೆಸರ್‌ಗೆ ಭಾರ ಜಾಸ್ತಿ.

ಇನ್ನೊಂದು ವಿಷಯ. ಈ ಕಾರ್ಡ್ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ, ಹೇಳಿಕೊಳ್ಳುವ ಗರಿಷ್ಠ ವೇಗ 54 ಎಂಬಿಪಿಎಸ್. ರೂಟರ್‌ನಲ್ಲಿ ಬರೀ 5 ಗಿಗಾಹರ್ಟ್ಸ್ ಆನ್ ಇದ್ದರೆ ಹೆಸರೇ ಕಾಣುವುದಿಲ್ಲ. ಬೇರೆ ಎಲ್ಲ ಹೆಸರು ಕಂಡು ನಿಮ್ಮದೊಂದೇ ಕಾಣದಿದ್ದರೆ ಮೊದಲು ರೂಟರ್ ನೋಡಿ.

ಬೆಂಗಳೂರಿನ ಗೆಳೆಯರೊಬ್ಬರು "ಎಸ್.ಪಿ. ರೋಡಲ್ಲಿ ಒಂದು ಯುಎಸ್‌ಬಿ ಡಾಂಗಲ್ ತಗೊಂಡು ಹಾಕಿಬಿಡಿ, ಇಷ್ಟೆಲ್ಲ ಯಾಕೆ" ಎಂದರು. ಅವಸರ ಇದ್ದವರಿಗೆ ಅದು ಸರಿಯಾದ ಮಾತೇ. ಆದರೆ ಡಾಂಗಲ್ ಒಳಗಿನ ಚಿಪ್ ಯಾವುದೆಂದು ಪೆಟ್ಟಿಗೆಯ ಮೇಲೆ ಎಷ್ಟೋ ಸಲ ಬರೆದಿರುವುದಿಲ್ಲ, ಲಿನಕ್ಸ್ ಡ್ರೈವರ್ ಇದೆಯೋ ಇಲ್ಲವೋ ಹಾಕಿ ನೋಡಿದ ಮೇಲೆಯೇ ಗೊತ್ತಾಗುವುದು. ಒಳಗೆ ಓಡುವ ಕಾರ್ಡ್ ಇರುವಾಗ ಅದನ್ನೇ ಓಡಿಸುವುದು ನನಗಿಷ್ಟ.

ಬಾಕಿ ಇರುವುದು

ಸಸ್ಪೆಂಡ್ ಮಾಡಿ ಎಬ್ಬಿಸಿದಾಗ ವೈಫೈ ಪ್ರತಿ ಸಲ ಬರುತ್ತದೆಯೇ ಎಂದು ಇನ್ನೂ ಸರಿಯಾಗಿ ನೋಡಿಲ್ಲ. ಬರದಿದ್ದರೆ ಯಂತ್ರ ಮಲಗುವ ಮೊದಲು ಬಿ43 ತೆಗೆದು, ಎದ್ದ ಮೇಲೆ ಮತ್ತೆ ಹಾಕುವ ಸಣ್ಣ ಸ್ಕ್ರಿಪ್ಟ್ ಬರೆಯಬೇಕು. ಕತ್ತರಿಸಿ ತೆಗೆದ ಬಿ43 ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟಿದ್ದೇನೆ. ಇದೇ ಯಂತ್ರಕ್ಕೆ ಮತ್ತೆ ಇನ್‌ಸ್ಟಾಲ್ ಮಾಡಬೇಕಾದರೆ ಅದನ್ನು ಲಿಬ್ ಫರ್ಮ್‌ವೇರ್ ಒಳಗೆ ಹಾಕಿದರೆ ಸಾಕು, ಫೋನ್ ಕೇಬಲ್ ಹುಡುಕಬೇಕಿಲ್ಲ.